ಮೊದಲು ಹುಲ್ಲು, ಆಮೇಲೆ ಹುರುಳಿ

ಮೈಸೂರಿನಲ್ಲಿ ಕುದುರೆ ಸಾಕಿದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಹುರುಳಿ ಎಷ್ಟು ಹಾಕ್ಲಿ?" ಅರಮನೆ ಸುತ್ತ ಟಾಂಗಾ ಓಡಿಸುವವರೂ ಇದನ್ನೇ ಕೇಳುತ್ತಾರೆ, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವರೂ ಇದನ್ನೇ. ಹುಲ್ಲು ಎಷ್ಟು ಅಂತ ಕೇಳುವವರು ಅಪರೂಪ. ಹುಲ್ಲು ಸುಮ್ನೆ ಹೊಟ್ಟೆ ತುಂಬೋಕೆ, ಶಕ್ತಿ ಬರೋದು ಕಾಳಿನಿಂದ ಅನ್ನೋ ಲೆಕ್ಕ. ನಾನು ನೋಡುವ ಹೊಟ್ಟೆನೋವಿನ ಕುದುರೆಗಳಲ್ಲಿ ಬಹಳಷ್ಟಕ್ಕೆ ತೊಂದರೆ ಶುರುವಾಗುವುದೇ ಈ ಲೆಕ್ಕದಿಂದ.

ಕುದುರೆ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ತೀರಾ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ತಿಂದರೂ ಬಿಟ್ಟರೂ ಅಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ಹೆಚ್ಚಾಯಿತು ಅಂತ ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ಹುಲ್ಲಿನ ನಾರು ಹುದುಗಿ ಶಕ್ತಿಯಾಗುವುದು ದೊಡ್ಡ ಕರುಳಿನಲ್ಲಿ. ಒಂದೇ ಹೊತ್ತಿಗೆ ಕಾಳು ಸುರಿದರೆ, ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಪಿಷ್ಟ ಅಲ್ಲಿಗೆ ಹೋಗಿ ಹುಳಿಯೇರುತ್ತದೆ. ಹೊಟ್ಟೆನೋವು ಬರುವುದು ಆಗಲೇ. ಕೆಲವೊಮ್ಮೆ ಗೊರಸಿನ ಒಳಗೂ ಉರಿಯೂತ ಹತ್ತಿ, ಕುದುರೆ ಕಾಲೂರಲಾರದೆ ನಿಂತುಬಿಡುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಮೊದಲು ತೂಕ ಗೊತ್ತಾಗಬೇಕು. ತಕ್ಕಡಿ ಬೇಡ, ಟೈಲರ್ ಟೇಪು ಸಾಕು. ಟೇಪು ಸಾಲದಿದ್ದರೆ ದಾರ ಸುತ್ತಿ ಅಳೆಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಒಂದು, ಭುಜದ ತುದಿಯಿಂದ ಹಿಂಭಾಗದ ಮೂಳೆಯ ತುದಿವರೆಗೆ ಉದ್ದ ಇನ್ನೊಂದು, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇರುವ ಟಾಂಗಾ ಕುದುರೆ ಸುಮಾರು 265 ಕೆ.ಜಿ. ತೂಗುತ್ತದೆ.

ಮೈತೂಕದ ಶೇ. 1.5ರಷ್ಟಾದರೂ ಒಣ ಲೆಕ್ಕದ ಹುಲ್ಲು ಬೇಕು. ಈ ಕುದುರೆಗೆ 4 ಕೆ.ಜಿ. ಆಯಿತು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಹಾಗಾಗಿ ಅದೇ 4 ಕೆ.ಜಿ. ಹಸಿಯಾಗಿ ಕೊಟ್ಟರೆ 16ರಿಂದ 20 ಕೆ.ಜಿ. ಎರಡು ಸಣ್ಣ ಕಟ್ಟು ಎಸೆದರೆ ಆಗುವ ಮಾತಲ್ಲ ಇದು. ಕಾಳಿನ ಊಟ ಒಂದು ಹೊತ್ತಿಗೆ ಒಂದೂಕಾಲು ಕೆ.ಜಿ. ದಾಟಬಾರದು. ಅದನ್ನೂ ಡಬ್ಬದಲ್ಲಿ ಅಳೆಯಬೇಡಿ, ತೂಕ ಮಾಡಿ. ಅದೇ ಡಬ್ಬ ತುಂಬ ಮೆಕ್ಕೆಜೋಳ ಹಾಕಿದರೆ ಬೂಸಾದ ಸುಮಾರು ಮೂರು ಪಟ್ಟು ತೂಗುತ್ತದೆ. ಹುರುಳಿ ಒಳ್ಳೆಯ ಕಾಳೇ, ಪ್ರೋಟೀನು ಜಾಸ್ತಿ. ಆದರೆ ನೆನೆಸಿ ಬೇಯಿಸಿ ಕೊಡಿ.

ಇನ್ನು ಬೂಸಾ. ನನಗೆ ಹೆಚ್ಚು ತಲೆನೋವು ತಂದಿರುವುದು ಇದೇ. ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಕುದುರೆಗೂ ರುಚಿ. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ಎಂಟು-ಹತ್ತು ಪಟ್ಟು ರಂಜಕ ಇರುತ್ತದೆ. ಕುದುರೆಗೆ ಬೇಕಾಗಿರುವುದು ಇದರ ತಿರುಗುಮುರುಗು: ರಂಜಕಕ್ಕಿಂತ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಟ್ಟು. ನಮ್ಮ ಕಡೆ ಬೂಸಾ ಜೊತೆಗೆ ಬೀಳುವುದು ಭತ್ತದ ಹುಲ್ಲು. ಅದರಲ್ಲಿನ ಆಕ್ಸಲೇಟು ಇದ್ದಷ್ಟು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಹೋದಾಗ ದೇಹ ಮೂಳೆಯಿಂದ ಕೀಳುತ್ತದೆ. ಮೊದಮೊದಲು ಇವತ್ತು ಒಂದು ಕಾಲು ಕುಂಟು, ನಾಳೆ ಇನ್ನೊಂದು. ಲಾಳ ಸರಿಯಿಲ್ಲ ಅಂತ ಲಾಳ ಬದಲಾಯಿಸುತ್ತಾರೆ. ಆಮೇಲೆ ಅಗಿಯಲು ಕಷ್ಟ. ಕೊನೆಗೆ ಕಣ್ಣಿನ ಕೆಳಗೆ ಎರಡೂ ಕಡೆ ಮುಖದ ಮೂಳೆ ಊದಿಕೊಳ್ಳುತ್ತದೆ. ಹಿಂದೆ ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಈ ಕಾಯಿಲೆ ಬರುತ್ತಿತ್ತಂತೆ. ಗಿರಣಿಯಲ್ಲಿ ಬೂಸಾಕ್ಕೇನು ಬರ, ಅಲ್ವಾ?

ಬೂಸಾ ಪೂರ್ತಿ ನಿಲ್ಲಿಸಿ ಅಂತ ಹೇಳುತ್ತಿಲ್ಲ. ದಿನಕ್ಕೆ ಒಂದೆರಡು ಹಿಡಿ ಸಾಕು. ಅದರ ಜಾಗಕ್ಕೆ ಕುದುರೆ ಮೆಂತೆ ತನ್ನಿ, ಲೂಸರ್ನ್ ಅಂತ ಬೀಜದಂಗಡಿಯವರು ಕೊಡುವುದು ಇದನ್ನೇ. ಅದರಲ್ಲಿ ಕ್ಯಾಲ್ಸಿಯಂ ರಂಜಕದ ನಾಲ್ಕೈದು ಪಟ್ಟು. ಹುಲ್ಲಿನ ಕಾಲು ಭಾಗ ಅದೇ ಆದರೂ ತಕ್ಕಡಿ ಸರಿಹೋಗುತ್ತದೆ. ಗರಿಕೆ ಸಿಕ್ಕರೆ ಬಿಡಬೇಡಿ. ಮಂಡ್ಯದ ಕಡೆಯವರು ಕಬ್ಬಿನ ಸೋಗೆ ಹಾಕುತ್ತಾರೆ. ಕತ್ತರಿಸಿ ಸ್ವಲ್ಪ ಕೊಡಬಹುದು, ಅದನ್ನೇ ಊಟ ಮಾಡಿಬಿಟ್ಟರೆ ಪ್ರೋಟೀನೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ. ಎಲೆ ಅಡಿಕೆಯ ಸುಣ್ಣ ಕಲಸಿ ಕೊಡುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ, ಬಾಯಿ ಸುಡುತ್ತದೆ. ಪಶು ಆಹಾರಕ್ಕೆಂದೇ ಸುಣ್ಣದಕಲ್ಲಿನ ಪುಡಿ ಸಿಗುತ್ತದೆ. ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ ಹಾಕಿ.

ರೇಸ್‌ಕೋರ್ಸಿನ ಕುದುರೆ ಓಟ್ಸ್ ತಿನ್ನುತ್ತೆ, ನಮ್ಮದಕ್ಕೂ ಹಾಕೋಣ ಅನ್ನುವವರಿದ್ದಾರೆ. ಓಡುವ ಕುದುರೆ ಅದನ್ನು ಸುಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲದೆ ಲಾಯದಲ್ಲಿ ನಿಂತ ಕುದುರೆ ಏನು ಸುಟ್ಟೀತು? ಕೆಲಸ ಇಲ್ಲದ ದಿನ ಕಾಳು ಅರ್ಧಕ್ಕಿಂತ ಕಡಿಮೆ ಮಾಡಿ, ಹುಲ್ಲು ಮಾತ್ರ ಕಡಿಮೆ ಮಾಡಬೇಡಿ. ದಸರಾ ಹೊತ್ತಿಗೆ ಬಾಡಿಗೆ ಜಾಸ್ತಿಯಾದಾಗ ಕಾಳು ಏರಿಸುವುದಿದ್ದರೂ ಏಳರಿಂದ ಹತ್ತು ದಿನದಲ್ಲಿ ನಿಧಾನವಾಗಿ ಏರಿಸಿ. ಹೊಸ ಆಹಾರಕ್ಕೆ ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ಒಂದು ವಿಷಯದಲ್ಲಿ ಮಾತ್ರ ನನ್ನದು ಕಡ್ಡಾಯ. ಕೋಳಿ ಆಹಾರ, ದನಗಳ ಹಿಂಡಿ ಕುದುರೆಗೆ ಬೇಡವೇ ಬೇಡ. ಅಂಥ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಸೇರಿಸಿರುತ್ತಾರೆ. ಕೋಳಿಗೆ, ದನಕ್ಕೆ ಅದು ಔಷಧ. ಕುದುರೆಗೆ ಸ್ವಲ್ಪವೇ ಹೋದರೂ ಹೃದಯದ ಸ್ನಾಯು ಹಾಳಾಗಿ ಸಾಯುತ್ತದೆ, ಅದಕ್ಕೆ ಮದ್ದಿಲ್ಲ. ಬೂಸ್ಟು ಹಿಡಿದ ಮೆಕ್ಕೆಜೋಳವೂ ಹಾಗೆಯೇ, ಅದು ಮಿದುಳಿಗೆ ಹೋಗುತ್ತದೆ. ತೊಳೆದು ಒಣಗಿಸಿದರೆ ವಿಷ ಹೋಗುವುದಿಲ್ಲ.

ಇಷ್ಟೆಲ್ಲಾ ಕೊಟ್ಟರೂ ಪಕ್ಕೆಲುಬು ಕಾಣುತ್ತಿದ್ದರೆ ಇನ್ನೊಂದು ಚೀಲ ಕಾಳು ತರುವ ಮೊದಲು ಲಾಯದ ನೆಲ ನೋಡಿ. ಅರ್ಧ ಅಗಿದ ಹುಲ್ಲಿನ ಉಂಡೆ ಬಿದ್ದಿದೆಯಾ? ಲದ್ದಿಯಲ್ಲಿ ಇಡೀ ಕಾಳು ಇದೆಯಾ? ಇದ್ದರೆ ತೊಂದರೆ ಹಲ್ಲಿನದು, ಡಾಕ್ಟರಿಂದ ಹಲ್ಲಿನ ಚೂಪು ಅಂಚನ್ನು ಅರದಲ್ಲಿ ಉಜ್ಜಿಸಬೇಕು. ಜಂತಿನ ಔಷಧ ಯಾವಾಗ ಹಾಕಿಸಿದ್ದು ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.