ಆನ್‌ಶೇಪ್‌ನಲ್ಲಿ ಟೀಮ್ ಪ್ರಾಜೆಕ್ಟ್: ಡಾಕ್ಯುಮೆಂಟ್ ಎಲ್ಲಿ ಒಡೆಯಬೇಕು, ವರ್ಷನ್ ಯಾವಾಗ ಹಾಕಬೇಕು

ಮೆಕ್ಯಾನಿಕಲ್ ಓದುತ್ತಾ, ಫೈನಲ್ ಇಯರ್ ಪ್ರಾಜೆಕ್ಟನ್ನು ಆನ್‌ಶೇಪ್ ಅನ್ನುವ 3ಡಿ ವಿನ್ಯಾಸದ (ಕ್ಯಾಡ್) ಸಾಫ್ಟ್‌ವೇರ್‌ನಲ್ಲಿ ಮಾಡೋಣ ಅಂತ ಹೊರಟಿರುವವರಿಗೆ ಈ ಟಿಪ್ಪಣಿ. ಸ್ಕೆಚ್ ಹಾಕುವುದು, ಎಕ್ಸ್‌ಟ್ರೂಡ್ ಮಾಡುವುದು ಇಲ್ಲಿ ಬರುವುದಿಲ್ಲ, ಅದಕ್ಕೆ ವಿಡಿಯೋಗಳು ಬೇಕಾದಷ್ಟಿವೆ. ನಾಲ್ಕು ಜನ ಒಂದೇ ಯಂತ್ರದ ಮೇಲೆ ಕೈ ಹಾಕಿದಾಗ ಯಾರ ಬದಲಾವಣೆ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಹಿನ್ನೆಲೆ ಎರಡೇ ಮಾತಲ್ಲಿ. ಇದೇ ಬಗೆಯ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರ್ ಶುರು ಮಾಡಿದ ಜಾನ್ ಹಿರ್ಶ್‌ಟಿಕ್ ಮತ್ತು ಅಲ್ಲಿಯ ಕೆಲವು ಹಳಬರು 2012ರಲ್ಲಿ ಈ ಕಂಪನಿ ಕಟ್ಟಿದರು. 2019ರಲ್ಲಿ ಕ್ರಿಯೋ ಸಾಫ್ಟ್‌ವೇರಿನ ಪಿಟಿಸಿ ಇದನ್ನು ಕೊಂಡಿತು. ಬ್ರೌಸರ್‌ನಲ್ಲೇ ನಡೆಯುತ್ತದೆ, ಇನ್‌ಸ್ಟಾಲ್ ಇಲ್ಲ. ಇಂಟರ್ನೆಟ್ ಹೋದರೆ ಕೆಲಸವೂ ನಿಂತಿತು, ಅದೊಂದು ತಲೆನೋವು ಇದ್ದದ್ದೇ.

ಇಲ್ಲಿ ಸೇವ್ ಬಟನ್ ಇಲ್ಲ. ಒಂದು ಫೀಚರ್ (ತೂತು, ಎಕ್ಸ್‌ಟ್ರೂಡ್‌ನಂಥ ಒಂದು ಹೆಜ್ಜೆ) ಮಾಡಿ ಹಸಿರು ಟಿಕ್ ಒತ್ತಿದರೆ ಅದು ಸರ್ವರ್‌ನ ಡೇಟಾಬೇಸ್‌ಗೆ ಸೇರಿತು ಅಂತಲೇ ಲೆಕ್ಕ. ಸಾಲಿಡ್‌ವರ್ಕ್ಸ್‌ನಲ್ಲಿ ಅಸೆಂಬ್ಲಿ ಫೈಲ್ (ಪಾರ್ಟ್‌ಗಳನ್ನು ಜೋಡಿಸಿದ್ದು) ಕಳಿಸಿ ಪಾರ್ಟ್ ಫೈಲ್ ಕಳಿಸುವುದು ಮರೆತರೆ ಆ ಕಡೆಯವರಿಗೆ ಬರೀ ಎರರ್ ಕಾಣುತ್ತದಲ್ಲ, ಆ ಕಾಟ ಇಲ್ಲಿ ಇಲ್ಲ. ಒಬ್ಬರು ತೆರೆದಿರುವಾಗ ಇನ್ನೊಬ್ಬರಿಗೆ ಬೀಗ ಬೀಳುವ ಪದ್ಧತಿಯೂ ಇಲ್ಲ. ಎಲ್ಲರೂ ಒಟ್ಟಿಗೆ ಒಳಗೆ ಇರಬಹುದು. ಕೇಳಲಿಕ್ಕೆ ಚೆನ್ನಾಗಿದೆ, ಆದರೆ ಗೊಂದಲ ಶುರುವಾಗುವುದೂ ಅಲ್ಲೇ.

ಡಾಕ್ಯುಮೆಂಟ್ ಅಂದರೆ ಇಲ್ಲಿ ಒಂದು ಪಾರ್ಟ್ ಅಲ್ಲ. ಅದರೊಳಗೆ ಟ್ಯಾಬ್‌ಗಳಿರುತ್ತವೆ: ಪಾರ್ಟ್‌ಗಳನ್ನು ಮಾಡುವ ಪಾರ್ಟ್ ಸ್ಟುಡಿಯೋ, ಅಸೆಂಬ್ಲಿ, ಅಳತೆ ಹಾಕಿದ ಡ್ರಾಯಿಂಗ್, ಜೊತೆಗೆ ನೀವು ಹಾಕಿದ ಪಿಡಿಎಫ್, ಫೋಟೋ ಏನು ಬೇಕಾದರೂ. ನೀವು ತಿದ್ದುವ ಜಾಗಕ್ಕೆ ವರ್ಕ್‌ಸ್ಪೇಸ್ ಅಂತ ಹೆಸರು, ಮೊದಲಿಗೆ ಸಿಗುವುದು ಮೇನ್ ಅನ್ನುವ ವರ್ಕ್‌ಸ್ಪೇಸ್. ಅದು ಯಾವಾಗಲೂ ಬದಲಾಗುತ್ತಾ ಇರುತ್ತದೆ. ಯಾವುದೋ ಒಂದು ಹಂತದಲ್ಲಿ ‘ಇದು ಇಲ್ಲಿಗೆ ಗಟ್ಟಿ’ ಅಂತ ಹೆಸರು ಕೊಟ್ಟು ನಿಲ್ಲಿಸಿದರೆ ಅದು ವರ್ಷನ್. ವರ್ಷನ್ ಅನ್ನು ಆಮೇಲೆ ಯಾರೂ ತಿದ್ದಲಾಗದು, ನೀವೂ ಸಹ.

ಈಗ ಮುಖ್ಯ ನಿಯಮಕ್ಕೆ ಬರೋಣ, ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು. ಒಂದೇ ಡಾಕ್ಯುಮೆಂಟ್ ಒಳಗಿನ ಪಾರ್ಟನ್ನು ಅಲ್ಲಿನ ಅಸೆಂಬ್ಲಿಗೆ ತಂದರೆ ಕೊಂಡಿ ಜೀವಂತ, ಪಾರ್ಟ್ ಬದಲಾದ ತಕ್ಷಣ ಅಸೆಂಬ್ಲಿಯೂ ಬದಲಾಗುತ್ತದೆ. ಬೇರೆ ಡಾಕ್ಯುಮೆಂಟ್‌ನಿಂದ ತಂದರೆ ಮಾತ್ರ ಅದು ಆ ಡಾಕ್ಯುಮೆಂಟ್‌ನ ಯಾವುದೋ ಒಂದು ವರ್ಷನ್‌ಗೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಎಷ್ಟೇ ಬದಲಾವಣೆ ಆದರೂ, ಹೊಸ ವರ್ಷನ್ ಹಾಕಿ, ಈ ಕಡೆಯವರು ಅಪ್‌ಡೇಟ್ ಒತ್ತುವ ತನಕ ಇಲ್ಲಿ ಏನೂ ಅಲುಗಾಡುವುದಿಲ್ಲ.

ಉದಾಹರಣೆಗೆ ಒಂದು ಅಡಿಕೆ ಸುಲಿಯುವ ಯಂತ್ರ ಅಂದುಕೊಳ್ಳಿ. ಒಬ್ಬರಿಗೆ ಫ್ರೇಮ್, ಒಬ್ಬರಿಗೆ ಶಾಫ್ಟ್ ಮತ್ತು ಬೆಲ್ಟ್ ಡ್ರೈವ್, ಒಬ್ಬರಿಗೆ ಬ್ಲೇಡ್ ಇರುವ ರೋಲರ್, ಇನ್ನೊಬ್ಬರಿಗೆ ಹಾಪರ್. ಶಾಫ್ಟ್ 20 ಮಿಮೀ, ಅದಕ್ಕೆ 6204 ಬೇರಿಂಗ್. ಅದರ ಹೊರ ವ್ಯಾಸ 47, ದಪ್ಪ 14. ಫ್ರೇಮ್ ನೋಡಿಕೊಳ್ಳುವವರು ಹೌಸಿಂಗ್ ಪ್ಲೇಟ್‌ನಲ್ಲಿ 47ರ ತೂತು ಕೊಟ್ಟಿದ್ದಾರೆ. ಒಂದು ಸಂಜೆ ಡ್ರೈವ್‌ನವರು ಲೆಕ್ಕ ಮಾಡಿ ನೋಡಿ, 20 ಸಾಲದು ಅಂತ ಶಾಫ್ಟನ್ನು 25 ಮಾಡುತ್ತಾರೆ. ಬೇರಿಂಗ್ 6205 ಆಯಿತು. ಹೊರ ವ್ಯಾಸ 52, ದಪ್ಪ 15.

ಎಲ್ಲವೂ ಒಂದೇ ಡಾಕ್ಯುಮೆಂಟ್‌ನಲ್ಲಿ ಇದ್ದರೆ ಏನಾಗುತ್ತದೆ? ಆ ಕ್ಷಣಕ್ಕೇ ಅಸೆಂಬ್ಲಿಯಲ್ಲಿ 52ರ ಬೇರಿಂಗ್ 47ರ ತೂತಿನಲ್ಲಿ ಹೂತು ಕೂತಿರುತ್ತದೆ. ಫ್ರೇಮ್‌ನವರು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು, ನಾನೇನೂ ಮುಟ್ಟಿಲ್ಲವಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಡ್ರಾಯಿಂಗ್ ಟ್ಯಾಬ್ ಮಾತ್ರ ತಾನಾಗಿ ಬದಲಾಗುವುದಿಲ್ಲ, ಅಪ್‌ಡೇಟ್ ಮಾಡಿ ಅಂತ ಗುರುತು ತೋರಿಸುತ್ತದೆ. ಆ ಗುರುತು ನೋಡದೆ ಪಿಡಿಎಫ್ ತೆಗೆದರೆ ಹಳೇ ಅಳತೆಯೇ ಲೇತ್ ಅಂಗಡಿಗೆ ಹೋಗುತ್ತದೆ. ಡ್ರಾಯಿಂಗ್ ತೆರೆದ ಕೂಡಲೇ ಮೊದಲು ಅಪ್‌ಡೇಟ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಡ್ರೈವ್ ಬೇರೆ ಡಾಕ್ಯುಮೆಂಟ್ ಆಗಿದ್ದರೆ ಕಥೆಯೇ ಬೇರೆ. ಶಾಫ್ಟ್ ಬದಲಾಯಿಸಿದವರು ಹೊಸ ವರ್ಷನ್ ಹಾಕಿ, ವಿವರದ ಜಾಗದಲ್ಲಿ ‘ಶಾಫ್ಟ್ 25, ಬೇರಿಂಗ್ 6205, ಹೌಸಿಂಗ್ ತೂತು 52 ಬೇಕು’ ಅಂತ ಬರೆಯುತ್ತಾರೆ. ಫ್ರೇಮ್‌ನವರ ಅಸೆಂಬ್ಲಿಯಲ್ಲಿ ಆ ಪಾರ್ಟ್ ಪಕ್ಕದಲ್ಲಿ ಹೊಸ ವರ್ಷನ್ ಬಂದಿದೆ ಅನ್ನುವ ಗುರುತು ಬರುತ್ತದೆ, ಅಷ್ಟೇ. ಅವರು ಓದಿ, ಪ್ಲೇಟ್ ಇನ್ನೂ ಕಟ್ಟಿಂಗ್‌ಗೆ ಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ತೂತು ತಿದ್ದಿ, ಆಮೇಲೆ ಅಪ್‌ಡೇಟ್ ಮಾಡುತ್ತಾರೆ. ಪ್ಲೇಟ್ ಆಗಲೇ ಕಟ್ ಆಗಿ ಬಂದಿದ್ದರೆ ಡ್ರೈವ್‌ನವರಿಗೆ ಫೋನ್ ಮಾಡಿ ಜಗಳ ಆಡಬಹುದು, ಅದಕ್ಕೂ ಸಮಯ ಸಿಗುತ್ತದೆ.

ಹಾಗಂತ ಪ್ರತಿ ಪಾರ್ಟಿಗೂ ಒಂದು ಡಾಕ್ಯುಮೆಂಟ್ ಮಾಡಿ ಕೂರಬೇಡಿ. ಆಮೇಲೆ ಒಂದು ಬೋಲ್ಟ್ ಜರುಗಿಸಿದರೂ ನಾಲ್ಕು ಕಡೆ ವರ್ಷನ್, ನಾಲ್ಕು ಕಡೆ ಅಪ್‌ಡೇಟ್ ಅಂತ ದಿನವೇ ಹೋಗುತ್ತದೆ. ನನ್ನ ಲೆಕ್ಕ ಹೀಗೆ: ಯಾವ ಪಾರ್ಟ್‌ಗಳು ಒಟ್ಟಿಗೇ ಬದಲಾಗುತ್ತವೋ, ಒಬ್ಬರ ಕೈಯಲ್ಲೇ ಇರುತ್ತವೋ ಅವು ಒಂದು ಡಾಕ್ಯುಮೆಂಟ್. ಶಾಫ್ಟ್, ಪುಲ್ಲಿ, ಕೀ ಒಂದೇ ಕಡೆ ಇರಲಿ. ಫ್ರೇಮ್ ಬೇರೆ. ಕೊನೆಗೆ ಪೂರ್ತಿ ಯಂತ್ರದ ಅಸೆಂಬ್ಲಿಗೆ ಒಂದು ಡಾಕ್ಯುಮೆಂಟ್, ಅದನ್ನು ಒಬ್ಬರೇ ನೋಡಿಕೊಳ್ಳಲಿ. ಬೋಲ್ಟು ನಟ್ಟುಗಳನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ತುಂಬಬೇಡಿ. ಇನ್ಸರ್ಟ್ ಮಾಡುವಾಗ ಸ್ಟ್ಯಾಂಡರ್ಡ್ ಕಂಟೆಂಟ್‌ನಲ್ಲೇ ಸಿಗುತ್ತವೆ. ಮೊದಲೇ ಎಲ್ಲ ಒಂದರಲ್ಲೇ ಮಾಡಿಬಿಟ್ಟಿದ್ದೀರಾ? ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬೇರೆ ಡಾಕ್ಯುಮೆಂಟ್‌ಗೆ ಸಾಗಿಸುವ ಆಯ್ಕೆ ಇದೆ, ಕೊಂಡಿಗಳನ್ನು ಅದೇ ಉಳಿಸಿಕೊಡುತ್ತದೆ.

ಇಲ್ಲಿ ಒಂದು ಬಲೆ ಇದೆ. ‘ಕಾಪಿ ವರ್ಕ್‌ಸ್ಪೇಸ್’ ಅಂತ ಒಂದು ಆಯ್ಕೆ ಕಾಣುತ್ತದೆ. ನನ್ನ ಕಾಪಿಯಲ್ಲಿ ಟ್ರೈ ಮಾಡಿ ನೋಡ್ತೀನಿ ಅಂತ ಅದನ್ನು ಒತ್ತಿದರೆ ಸಂಬಂಧವೇ ಇಲ್ಲದ ಹೊಸ ಡಾಕ್ಯುಮೆಂಟ್ ಹುಟ್ಟುತ್ತದೆ, ಹಳೇ ಹಿಸ್ಟರಿ ಅದಕ್ಕೆ ಬರುವುದಿಲ್ಲ, ಅಲ್ಲಿ ಮಾಡಿದ ಕೆಲಸವನ್ನು ಮೂಲಕ್ಕೆ ಮರ್ಜ್ ಮಾಡಲೂ (ಬೆರೆಸಲೂ) ಆಗುವುದಿಲ್ಲ. ಟ್ರೈ ಮಾಡಲಿಕ್ಕೆ ಇರುವುದು ಬ್ರಾಂಚ್.

ಬ್ರಾಂಚ್ ಅಂದರೆ ಒಂದು ವರ್ಷನ್‌ನಿಂದ ಕವಲೊಡೆದ ಇನ್ನೊಂದು ವರ್ಕ್‌ಸ್ಪೇಸ್. ಗೈಡ್ ಬಂದು ‘ಬೆಲ್ಟ್ ಬೇಡ, ಚೈನ್ ಹಾಕಿ ನೋಡಿ’ ಅಂದರು ಅನ್ನಿ. ಡ್ರೈವ್ ಡಾಕ್ಯುಮೆಂಟ್‌ನಲ್ಲಿ ವರ್ಷನ್ ಹಾಕಿ, ‘ಚೈನ್ ಪ್ರಯೋಗ’ ಅಂತ ಬ್ರಾಂಚ್ ಮಾಡಿ, ಅಲ್ಲಿ ಏನು ಬೇಕಾದರೂ ಕೆಡವಿ. ಮೇನ್‌ಗೆ ಏನೂ ಆಗದು. ಸರಿ ಬಂದರೆ ಎರಡನ್ನೂ ಕಂಪೇರ್ ಮಾಡಿ ನೋಡಿ ಮರ್ಜ್ ಮಾಡಿ. ಬರಲಿಲ್ಲವಾ, ಬಿಟ್ಟುಬಿಡಿ. ಮರ್ಜ್‌ಗೆ ಮೊದಲು ಮೇನ್‌ನಲ್ಲೂ ಒಂದು ವರ್ಷನ್ ಇರಲಿ. ಕೋಡ್ ಬರೆಯುವವರ ಗಿಟ್ ಗೊತ್ತಿದ್ದವರಿಗೆ ಇದು ಪರಿಚಿತ ಅನಿಸುತ್ತದೆ, ಆದರೆ ಜ್ಯಾಮಿತಿಯ ಮರ್ಜ್ ಅಷ್ಟು ಸುಲಭ ಅಲ್ಲ. ಒಂದು ಫಿಲೆಟ್ (ಅಂಚನ್ನು ದುಂಡಗೆ ಮಾಡುವ ಫೀಚರ್) ಯಾವ ಅಂಚನ್ನು ಹಿಡಿದುಕೊಂಡಿತ್ತೋ ಆ ಅಂಚೇ ಇನ್ನೊಂದು ಕಡೆ ಮಾಯವಾಗಿದ್ದರೆ ಮರ್ಜ್ ಆದ ಮೇಲೆ ಫೀಚರ್ ಕೆಂಪಾಗಿ ಕೂರುತ್ತದೆ, ಅದನ್ನು ಕೈಯಲ್ಲೇ ಸರಿ ಮಾಡಬೇಕು. ಹಾಗಾಗಿ ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬ್ರಾಂಚ್ ಅನ್ನುವುದು ನನಗೆ ಇಷ್ಟವಿಲ್ಲ. ಒಂದು ಪ್ರಶ್ನೆಗೆ ಒಂದು ಬ್ರಾಂಚ್ ಇರಲಿ, ಉತ್ತರ ಸಿಕ್ಕ ಕೂಡಲೇ ಮುಗಿಸಿ.

ಒಂದೇ ಸ್ಕೆಚ್ಚನ್ನು ಇಬ್ಬರು ಒಟ್ಟಿಗೆ ತೆರೆದು ತಿದ್ದಬೇಡಿ. ಬೀಗ ಇಲ್ಲ ಅಂದೆನಲ್ಲ, ತಡೆಯುವವರೂ ಯಾರಿಲ್ಲ. ಮೇಲೆ ಗೆಳೆಯರ ಗುರುತು ಕಾಣುತ್ತದೆ, ಅದರ ಮೇಲೆ ಕ್ಲಿಕ್ ಮಾಡಿ ಫಾಲೋ ಮಾಡಿದರೆ ಅವರು ನೋಡುತ್ತಿರುವುದೇ ನಿಮಗೂ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್‌ಗೆ ಬಾಣ ಬರೆದು ಕಳಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಯಾರೋ ಏನೋ ಕೆಡಿಸಿದರೆ ಗಾಬರಿ ಬೇಡ. ಹಿಸ್ಟರಿಯಲ್ಲಿ ಯಾರು, ಯಾವಾಗ, ಏನು ಮಾಡಿದರು ಅಂತ ಸಾಲಾಗಿ ಇರುತ್ತದೆ. ಹಿಂದಿನ ಯಾವುದೇ ಹಂತಕ್ಕೆ ರಿಸ್ಟೋರ್ ಮಾಡಬಹುದು, ಅದರಿಂದ ನಡುವಿನದ್ದು ಅಳಿಸಿಹೋಗುವುದಿಲ್ಲ, ರಿಸ್ಟೋರ್ ಮಾಡಿದ್ದೇ ಒಂದು ಹೊಸ ಸಾಲಾಗಿ ಸೇರುತ್ತದೆ. ಆದರೆ ನೂರಾರು ಸಾಲುಗಳಲ್ಲಿ ‘ಎಡಿಟ್: ಸ್ಕೆಚ್ 4’ ಅಂತ ಇರುವುದನ್ನು ಹುಡುಕುವುದು ಬೇಸರದ ಕೆಲಸ. ವರ್ಷನ್‌ಗಳಿಗೆ ಸರಿಯಾದ ಹೆಸರಿದ್ದರೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಸುಮ್ನೆ ವಿ1, ವಿ2 ಅಂತ ಬಿಡಬೇಡಿ. ರಿವ್ಯೂಗೆ ಮೊದಲು, ಅಂಗಡಿಗೆ ಡ್ರಾಯಿಂಗ್ ಕೊಡುವ ಮೊದಲು, ದೊಡ್ಡದೇನಾದರೂ ಕಿತ್ತುಹಾಕುವ ಮೊದಲು, ಈ ಮೂರು ಹೊತ್ತಿನಲ್ಲಿ ವರ್ಷನ್ ಕಡ್ಡಾಯ. ಅಂಗಡಿಗೆ ಕೊಡುವ ಪಿಡಿಎಫ್ಫನ್ನು ಆ ವರ್ಷನ್ ತೆರೆದೇ ತೆಗೆಯಿರಿ, ಅದರ ಹೆಸರು ಟೈಟಲ್ ಬ್ಲಾಕ್‌ನಲ್ಲೂ (ಡ್ರಾಯಿಂಗ್ ಮೂಲೆಯ ವಿವರದ ಚೌಕ) ಇರಲಿ. ನಾಳೆ ಪ್ಲೇಟ್ ತಪ್ಪಿ ಬಂದರೆ ಯಾರ ತಪ್ಪು ಅಂತ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ.

ಹಂಚುವ ವಿಷಯ. ಎಲ್ಲರಿಗೂ ಎಡಿಟ್ ಕೊಡುವ ಚಟ ಬಿಡಿ. ಗೈಡ್‌ಗೆ ನೋಡುವುದು, ಕಾಮೆಂಟ್ ಹಾಕುವುದು ಸಾಕು. ಫ್ರೇಮ್‌ನವರಿಗೆ ಡ್ರೈವ್ ಡಾಕ್ಯುಮೆಂಟ್ ನೋಡುವ ಮತ್ತು ಲಿಂಕ್ ಮಾಡುವ ಅನುಮತಿ ಇದ್ದರೆ ಕೆಲಸ ನಡೆಯುತ್ತದೆ. ಒಂದೊಂದಾಗಿ ಶೇರ್ ಮಾಡುವ ಬದಲು ಫೋಲ್ಡರ್ ಮಾಡಿ ಅದನ್ನೇ ಹಂಚಿದರೆ ಒಳಗಿನದ್ದಕ್ಕೆಲ್ಲ ಅದೇ ಅನುಮತಿ ಬರುತ್ತದೆ. ಮುಖ್ಯವಾಗಿ, ಫ್ರೀ ಪ್ಲಾನ್‌ನಲ್ಲಿ ಮಾಡಿದ ಡಾಕ್ಯುಮೆಂಟ್‌ಗಳೆಲ್ಲ ಪಬ್ಲಿಕ್. ಜಗತ್ತಿನ ಯಾರು ಬೇಕಾದರೂ ನೋಡಬಹುದು, ಕಾಪಿ ಮಾಡಿಕೊಳ್ಳಬಹುದು. ಪೇಟೆಂಟ್ ಹಾಕುವ ಆಸೆ ಇದ್ದರೆ ಅರ್ಜಿಗೆ ಮೊದಲೇ ವಿನ್ಯಾಸ ಬಹಿರಂಗವಾಗುವುದು ಒಳ್ಳೆಯದಲ್ಲ, ಅಲ್ವಾ. ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುವ ಎಜುಕೇಶನ್ ಪ್ಲಾನ್‌ನಲ್ಲಿ ಪ್ರೈವೇಟ್ ಇಡಬಹುದು, ಮೊದಲ ದಿನವೇ ಅದನ್ನು ತೆಗೆದುಕೊಳ್ಳಿ.

ಆ ಪ್ಲಾನ್‌ಗೆ ಕಾಲೇಜಿನ ಇಮೇಲ್ ಕೊಟ್ಟಿದ್ದರೆ ಇನ್ನೊಂದು ಕೆಲಸ ಉಳಿಯುತ್ತದೆ. ಓದು ಮುಗಿದ ಮೇಲೆ ಆ ಇಮೇಲ್ ಎಷ್ಟು ದಿನ ಇರುತ್ತದೋ ಹೇಳಲಾಗದು. ಪ್ರತಿ ಡಾಕ್ಯುಮೆಂಟಿಗೂ ಒಬ್ಬ ಓನರ್ ಇರುತ್ತಾರೆ, ಶೇರ್ ಮಾಡುವ ಜಾಗದಲ್ಲೇ ಓನರ್‌ಶಿಪ್ ಇನ್ನೊಬ್ಬರಿಗೆ ವರ್ಗಾಯಿಸಬಹುದು. ಮುಂದಿನ ಬ್ಯಾಚ್‌ನವರು ಯಂತ್ರ ಮುಂದುವರಿಸುವುದಾದರೆ ವೈವಾ ಮುಗಿದ ವಾರವೇ ಅವರ ಹೆಸರಿಗೆ ಮಾಡಿ, ಪೂರ್ತಿ ಅಸೆಂಬ್ಲಿಯ ಒಂದು ಸ್ಟೆಪ್ ಫೈಲ್ (ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳೂ ತೆರೆಯುವಂಥದ್ದು) ಮತ್ತು ಡ್ರಾಯಿಂಗ್ ಪಿಡಿಎಫ್‌ಗಳನ್ನು ನಿಮ್ಮ ಗೂಗಲ್ ಡ್ರೈವ್‌ಗೂ ಹಾಕಿಕೊಳ್ಳಿ. ಸ್ಟೆಪ್‌ನಲ್ಲಿ ಆಕಾರ ಮಾತ್ರ ಬರುತ್ತದೆ, ಫೀಚರ್ ಹಿಸ್ಟರಿ ಬರುವುದಿಲ್ಲ.