ಹಳೆಯ ಪಾಪ್ ಸಿಂಗಲ್: ಹಾಡು ಒಂದೇ, ತಟ್ಟೆ ಬೇರೆ ಬೇರೆ

ಹಳೆಯ ಸಿಂಗಲ್, ಅಂದರೆ ಬದಿಗೊಂದು ಹಾಡಿರುವ ಚಿಕ್ಕ ಗ್ರಾಮೋಫೋನ್ ತಟ್ಟೆ, ಕೊಳ್ಳಲು ಶುರು ಮಾಡಿದವರು ಮೊದಲು ನೋಡುವುದು ಹಾಡಿನ ಹೆಸರು, ಆಮೇಲೆ ಲೇಬಲ್ಲಿನ ಬಣ್ಣ. ಎರಡೂ ಸಾಲದು. ಹಾಡು, ಕಂಪನಿ, ಕ್ಯಾಟಲಾಗ್ ಸಂಖ್ಯೆ ಎಲ್ಲ ಒಂದೇ ಆಗಿದ್ದರೂ ಕೈಯಲ್ಲಿರುವ ತಟ್ಟೆ ಇಪ್ಪತ್ತು ವರ್ಷ ಈಚಿನದ್ದಾಗಿರಬಹುದು. ಅದು ಯಾವ ಕಾಲದ್ದು ಅಂತ ತಟ್ಟೆಯನ್ನೇ ನೋಡಿ ತಿಳಿಯುವುದು ಹೇಗೆ? ಈ ಟಿಪ್ಪಣಿ ಅದಕ್ಕಾಗಿ. ಹೆಚ್ಚಿನ ಉದಾಹರಣೆಗಳು ಬ್ರಿಟನ್ನಿನವು. ಅಲ್ಲಿನ ಇಎಂಐ ಎಂಬ ರೆಕಾರ್ಡ್ ಕಂಪನಿಯ ತಟ್ಟೆಗಳ ಮೇಲೆ ಓದುವುದಕ್ಕೆ ಗುರುತುಗಳು ಜಾಸ್ತಿ.

45 ಬಂದ ಬಗೆ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ, ಹಲವು ಹಾಡು ಹಿಡಿಸುವ ದೊಡ್ಡ ತಟ್ಟೆಯಾದ ಎಲ್‌ಪಿ ತಂದಿತು. ಅದಕ್ಕೆ ಎದುರಾಗಿ ಆರ್‌ಸಿಎ ವಿಕ್ಟರ್ 1949ರ ಮಾರ್ಚ್‌ನಲ್ಲಿ 7 ಇಂಚಿನ, 45 ಸುತ್ತಿನ ತಟ್ಟೆ ಬಿಟ್ಟಿತು. ಮೊದಮೊದಲು ಸಂಗೀತದ ಬಗೆ ನೋಡಿ ತಟ್ಟೆಗೇ ಬಣ್ಣ ಕೊಡುತ್ತಿದ್ದರು. ಶಾಸ್ತ್ರೀಯಕ್ಕೆ ಕೆಂಪು, ಕಂಟ್ರಿ ಹಾಡುಗಳಿಗೆ ಹಸಿರು. ನಡುವಿನ ತೂತು ಒಂದೂವರೆ ಇಂಚು. ತಾನಾಗಿಯೇ ತಟ್ಟೆ ಬದಲಿಸುವ ಯಂತ್ರಕ್ಕೆ ಅದು ಅನುಕೂಲ.

ಬ್ರಿಟನ್ನಿನಲ್ಲಿ ಇಎಂಐ 1952ರಲ್ಲಿ 45 ಶುರು ಮಾಡಿತು. ಅಲ್ಲಿನ ತಟ್ಟೆಗಳಿಗೆ ಚಿಕ್ಕ ತೂತು. ಅದರ ಸುತ್ತಲಿನ ತುಂಡನ್ನು ಒತ್ತಿ ತೆಗೆದರೆ ದೊಡ್ಡ ತೂತು ಸಿಗುತ್ತದೆ. ಆ ತುಂಡು ಹೋಗಿದ್ದರೆ ತಟ್ಟೆ, ಕಾಸು ಹಾಕಿದರೆ ಹಾಡುವ ಯಂತ್ರವಾದ ಜೂಕ್‌ಬಾಕ್ಸ್‌ನಲ್ಲಿ ದುಡಿದಿರುವ ಸಾಧ್ಯತೆ ಹೆಚ್ಚು. ನಡುಭಾಗ ಉಳಿದಿರುವ ತಟ್ಟೆಯನ್ನೇ ಸಂಗ್ರಾಹಕರು ಹುಡುಕುತ್ತಾರೆ.

ಒಂದು ತಟ್ಟೆಯನ್ನು ಪೂರ್ತಿ ಓದೋಣ

ಬೀಟಲ್ಸ್ ತಂಡದ 'ಲವ್ ಮಿ ಡೂ' ಕಲಿಯಲು ಒಳ್ಳೆಯ ತಟ್ಟೆ. ಇಎಂಐ ಕಂಪನಿಯದೇ ಆದ ಪಾರ್ಲೋಫೋನ್ ಹೆಸರಿನಲ್ಲಿ ಬಂದದ್ದು, ಸಂಖ್ಯೆ ಆರ್ 4949, ಬಿಡುಗಡೆ 1962ರ ಅಕ್ಟೋಬರ್ 5. ಮೊದಲ ತಟ್ಟೆಗಳಿಗೆ ಕೆಂಪು ಲೇಬಲ್. 1963ರ ಆರಂಭದಲ್ಲಿ ಪಾರ್ಲೋಫೋನ್ ಕಪ್ಪು ಲೇಬಲ್ಲಿಗೆ ಬದಲಾಯಿತು. ಹಾಗಾದರೆ ಕೆಂಪಾಗಿದ್ದರೆ ಮೊದಲನೆಯದು, ಅಲ್ವಾ? ಅಲ್ಲ. ಇಪ್ಪತ್ತು ವರ್ಷ ತುಂಬಿದಾಗ, 1982ರಲ್ಲಿ, ಅದೇ ಸಂಖ್ಯೆಯಲ್ಲಿ ಕೆಂಪು ಲೇಬಲ್ಲಿನಲ್ಲೇ ಮತ್ತೆ ಬಿಟ್ಟರು. ಹೊಸಬರು ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಇಲ್ಲಿ ಕಿವಿ ನೆರವಿಗೆ ಬರುತ್ತದೆ. ಈ ಹಾಡಿಗೆ ಎರಡು ರೆಕಾರ್ಡಿಂಗ್ ಇವೆ. ಒಂದರಲ್ಲಿ ಡ್ರಮ್ ಬಾರಿಸಿದ್ದು ರಿಂಗೋ ಸ್ಟಾರ್. ಇನ್ನೊಂದರಲ್ಲಿ ಆ್ಯಂಡಿ ವೈಟ್ ಎಂಬ ಸ್ಟುಡಿಯೋ ಕಲಾವಿದರು ಡ್ರಮ್ ಬಾರಿಸಿದರು, ರಿಂಗೋ ಕೈಗೆ ಟ್ಯಾಂಬರೀನ್ ಎಂಬ, ಅಂಚಿನಲ್ಲಿ ಬಿಲ್ಲೆಗಳಿರುವ ವಾದ್ಯ ಬಂತು. 1962ರ ಸಿಂಗಲ್ಲಿನಲ್ಲಿರುವುದು ರಿಂಗೋ ಡ್ರಮ್ ಬಾರಿಸಿದ್ದು. ಎಲ್‌ಪಿಗೆ ಹೋದದ್ದು ಆ್ಯಂಡಿ ವೈಟ್ ಬಾರಿಸಿದ್ದು. ಆದ್ದರಿಂದ ಟ್ಯಾಂಬರೀನಿನ ಗಿಲಗಿಲ ಕೇಳಿಸಿದರೆ ಆ ತಟ್ಟೆ ಮೊದಲ ಅಚ್ಚಲ್ಲ. ಒಂದು ವಾದ್ಯದ ಸದ್ದಿನಿಂದ ತಟ್ಟೆಯ ಕಾಲ ಗೊತ್ತಾಗುವುದು ನನಗಂತೂ ಈ ಹವ್ಯಾಸದ ದೊಡ್ಡ ಖುಷಿ.

ಕೇಳಿ ನೋಡಲು ಅವಕಾಶ ಇಲ್ಲದಿದ್ದಾಗ ಕಣ್ಣೇ ಗತಿ. ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಒಂದು ನುಣುಪಾದ ಪಟ್ಟಿ ಉಳಿದಿರುತ್ತದೆ. ಅದನ್ನು ಡೆಡ್ ವ್ಯಾಕ್ಸ್ ಅನ್ನುತ್ತಾರೆ. ದೀಪದ ಕೆಳಗೆ ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರೆ ಅಲ್ಲಿ ಅಕ್ಷರ, ಅಂಕಿ ಕಾಣುತ್ತವೆ. 'ಲವ್ ಮಿ ಡೂ' ಬದಿಯಲ್ಲಿ ಕಾಣುವುದು 7ಎಕ್ಸ್‌ಸಿಇ 17144. ಇದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಬದಿಯ ರೆಕಾರ್ಡಿಂಗಿನ ಗುರುತು. ಅದರ ಹಿಂದೆಯೇ ಬರುವ 1, 2 ಇಂಥ ಅಂಕಿ ಎಷ್ಟನೆಯ ಸಲ ಕೊರೆದದ್ದು ಅಂತ ಹೇಳುತ್ತದೆ.

ಕೊರೆಯುವುದು ಅಂದರೇನು ಅಂತ ತಿಳಿದರೆ ಉಳಿದ ಗುರುತುಗಳು ಸುಲಭ. ಮೊದಲು ಮೆತ್ತನೆಯ ಲ್ಯಾಕರ್ ತಟ್ಟೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದರ ಮೇಲೆ ಲೋಹ ಬೆಳೆಸಿ ಬಿಡಿಸಿದರೆ ಫಾದರ್. ಫಾದರ್‌ನಿಂದ ಮದರ್. ಮದರ್‌ನಿಂದ ಸ್ಟ್ಯಾಂಪರ್. ಬಿಸಿ ವಿನೈಲನ್ನು ಒತ್ತುವುದು ಸ್ಟ್ಯಾಂಪರ್. ಅದು ಸವೆಯುತ್ತದೆ, ಹೊಸದು ಬರುತ್ತದೆ. ಹಾಗಾಗಿ ಜನಪ್ರಿಯ ಹಾಡಿಗೆ ಸ್ಟ್ಯಾಂಪರ್‌ಗಳು ಬಹಳ.

ಲಂಡನ್ ಹತ್ತಿರದ ಹೇಯ್ಸ್‌ನಲ್ಲಿದ್ದ ಇಎಂಐ ಕಾರ್ಖಾನೆ ಇದನ್ನೆಲ್ಲ ತಟ್ಟೆಯ ಮೇಲೇ ಬರೆದಿಡುತ್ತಿತ್ತು. ಮ್ಯಾಟ್ರಿಕ್ಸ್ ಸಂಖ್ಯೆ ಕೆಳಗೆ ಬರುವಂತೆ ತಟ್ಟೆ ಹಿಡಿಯಿರಿ. ಎಡಕ್ಕೆ, ಗಡಿಯಾರದಲ್ಲಿ 9 ಇರುವ ಜಾಗದಲ್ಲಿ, ಮದರ್‌ನ ಸಂಖ್ಯೆ. ಬಲಕ್ಕೆ, 3ರ ಜಾಗದಲ್ಲಿ, ಸ್ಟ್ಯಾಂಪರ್‌ನ ಸಂಖ್ಯೆ. ಆದರೆ ಅದು ಅಕ್ಷರಗಳಲ್ಲಿರುತ್ತದೆ. ಗ್ರಾಮೋಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಹತ್ತು ಇಂಗ್ಲಿಷ್ ಅಕ್ಷರ ಆರಿಸಿಕೊಂಡರು: ಜಿ 1, ಆರ್ 2, ಎ 3, ಎಂ 4, ಓ 5, ಪಿ 6, ಹೆಚ್ 7, ಎಲ್ 8, ಟಿ 9, ಡಿ 0. ಬಲಗಡೆ ಜಿ, ಆರ್ ಅಂತಿದ್ದರೆ ಹನ್ನೆರಡನೆಯ ಸ್ಟ್ಯಾಂಪರ್. ಬರೀ ಜಿ ಇದ್ದರೆ ಮೊದಲನೆಯದು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಪುಸ್ತಕ ತೆರೆಯಲು ಆಗುವುದಿಲ್ಲ.

ಕೆಲವು ತಟ್ಟೆಗಳಲ್ಲಿ ಕೊರೆದವರ ಕೈಬರಹವೂ ಸಿಗುತ್ತದೆ. ಜಾರ್ಜ್ ಪೆಕ್ಹಮ್ ಎಂಬ ಬ್ರಿಟಿಷ್ ಎಂಜಿನಿಯರ್ ತಾವು ಕೊರೆದ ತಟ್ಟೆಗಳಲ್ಲಿ 'ಎ ಪೋರ್ಕಿ ಪ್ರೈಮ್ ಕಟ್' ಅಂತ ಗೀಚುತ್ತಿದ್ದರು. ಆ ಬರಹ ಕಂಡರೆ ಸದ್ದು ಚೆನ್ನಾಗಿರುತ್ತದೆ ಅಂತ ನಂಬುವವರು ಬಹಳ ಮಂದಿ. ನಾನೂ ನಂಬುತ್ತೇನೆ.

ಹಳೆಯದಾದ ಮಾತ್ರಕ್ಕೆ ಅಪರೂಪ ಅಲ್ಲ

ಬೀಟಲ್ಸ್‌ನ 'ಶಿ ಲವ್ಸ್ ಯೂ' 1963ರದ್ದು. ಬ್ರಿಟನ್ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಚೊಕ್ಕವಾಗಿ ಉಳಿದ ಪ್ರತಿ ಬಿಟ್ಟರೆ ಅದಕ್ಕೆ ದೊಡ್ಡ ಬೆಲೆ ಇಲ್ಲ. ಇನ್ನೊಂದು ಕಡೆ ಸೆಕ್ಸ್ ಪಿಸ್ಟಲ್ಸ್ ತಂಡ. 1977ರ ಮಾರ್ಚ್‌ನಲ್ಲಿ ಎ ಆ್ಯಂಡ್ ಎಂ ಕಂಪನಿ ಅವರ ಜೊತೆ ಕರಾರು ಮಾಡಿಕೊಂಡು, ವಾರದಲ್ಲೇ ಕೈಬಿಟ್ಟಿತು. 'ಗಾಡ್ ಸೇವ್ ದ ಕ್ವೀನ್' ತಟ್ಟೆಗಳು ಆಗಲೇ ಅಚ್ಚಾಗಿದ್ದವು. ಹೆಚ್ಚುಕಮ್ಮಿ ಎಲ್ಲವನ್ನೂ ನಾಶ ಮಾಡಿದರು. ಮೇ ತಿಂಗಳಲ್ಲಿ ವರ್ಜಿನ್ ಕಂಪನಿ ಅದೇ ಹಾಡು ಬಿಟ್ಟಿತು. ವರ್ಜಿನ್‌ನ ತಟ್ಟೆ ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಎ ಆ್ಯಂಡ್ ಎಂ ತಟ್ಟೆ ಸಿಕ್ಕಿದರೆ ಸಾವಿರಾರು ಪೌಂಡ್. ಅಮೆರಿಕದ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ 'ಡೂ ಐ ಲವ್ ಯೂ' ಕೂಡ ಹೀಗೇ. ಅದರ ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಜಾಸ್ತಿಗೆ ಹೋಯಿತು.

ಸ್ಥಿತಿಯ ದರ್ಜೆ ಬಗ್ಗೆ ಒಂದೇ ಮಾತು. ಅಮೆರಿಕದವರು, ಬ್ರಿಟನ್ನಿನವರು ದರ್ಜೆಗೆ ಬಳಸುವ ಹೆಸರುಗಳು ಒಂದೇ ಅಲ್ಲ. ಗುಡ್ ಅಂತ ಬರೆದಿದ್ದರೆ ತಟ್ಟೆ ಚೆನ್ನಾಗಿಲ್ಲ ಅಂತಲೇ ಓದಿಕೊಳ್ಳಿ.

ಬೆರಳಿಗೆ ಗೊತ್ತಾಗಬೇಕಾದದ್ದು

ಅಮೆರಿಕದ ಎಷ್ಟೋ ಸಿಂಗಲ್‌ಗಳು ವಿನೈಲ್ ಅಲ್ಲ, ಪಾಲಿಸ್ಟೈರೀನ್. ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಡದಿಂದ ತುಂಬಿ ಅವನ್ನು ಮಾಡುತ್ತಿದ್ದರು. ಲೇಬಲ್ ಆಮೇಲೆ ಅಂಟಿಸಿದ್ದು, ಕೆಲವು ಸಲ ಎದ್ದೇ ಬರುತ್ತದೆ. ವಿನೈಲ್‌ನಲ್ಲಿ ಲೇಬಲ್ ತಟ್ಟೆಯ ಜೊತೆಗೇ ಒತ್ತಿರುತ್ತದೆ. ಸ್ಟೈರೀನ್ ಗಡುಸು, ಬಗ್ಗುವುದಿಲ್ಲ, ಉಗುರಲ್ಲಿ ಮೆಲ್ಲಗೆ ತಟ್ಟಿದರೆ ಟಿಕ್ ಅನ್ನುತ್ತದೆ. ಬೇಗ ಸವೆಯುತ್ತದೆ. ನೋಡಲು ಹೊಳೆಯುತ್ತಿದ್ದರೂ ಹಾಡು ಕರಕರ ಅನ್ನಬಹುದು. ಕೇಳದೆ ದುಬಾರಿ ಸ್ಟೈರೀನ್ ತಟ್ಟೆ ಕೊಳ್ಳಬೇಡಿ.

ದಮ್ ದಮ್‌ನ ತಟ್ಟೆಗಳು

ಕನ್ನಡ ಸಿನಿಮಾ ಹಾಡುಗಳ 7 ಇಂಚಿನ, ಸಿಂಗಲ್ಲಿಗಿಂತ ಹೆಚ್ಚು ಹಾಡಿರುವ ಇಪಿಗಳು ನಮ್ಮಲ್ಲಿ ಹಲವರ ಮನೆಯ ಅಟ್ಟದಲ್ಲಿವೆ. ಹೆಚ್‌ಎಂವಿ ಹೆಸರಿನಲ್ಲಿ ಅವನ್ನು ತಂದ ಗ್ರಾಮೋಫೋನ್ ಕಂಪನಿಗೆ ಕೋಲ್ಕತ್ತದ ದಮ್ ದಮ್‌ನಲ್ಲಿ ಕಾರ್ಖಾನೆ ಇತ್ತು. ಪಾಪ್ ಸಂಗ್ರಾಹಕರಿಗೆ ಆ ಕಾರ್ಖಾನೆ ಬೇರೆ ಕಾರಣಕ್ಕೆ ಮುಖ್ಯ. ಬ್ರಿಟನ್ನಿನಲ್ಲಿ 78 ಸುತ್ತಿನ ಅರಗಿನ ತಟ್ಟೆ 1960ರ ಹೊತ್ತಿಗೆ ನಿಂತೇ ಹೋಗಿತ್ತು. ನಮ್ಮಲ್ಲಿ ಕೀಲಿ ಕೊಡುವ ಗ್ರಾಮೋಫೋನ್‌ಗಳು ಇನ್ನೂ ಬಳಕೆಯಲ್ಲಿದ್ದವು. ಹಾಗಾಗಿ ಬೀಟಲ್ಸ್ ಹಾಡುಗಳೂ 1960ರ ದಶಕದ ನಡುವಿನವರೆಗೆ ಇಲ್ಲಿ 78ರಲ್ಲಿ ಬಂದವು. ಇವತ್ತು ಹೊರದೇಶದವರು ಅವನ್ನು ಹುಡುಕಿಕೊಂಡು ಬರುತ್ತಾರೆ.

ಅಂಥದ್ದು ಸಿಕ್ಕಿದರೆ 45ರ ಸೂಜಿ ಇಡಬೇಡಿ. 78ರ ಗೆರೆ ಮೂರು ಪಟ್ಟು ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಸೂಜಿ ಬೇಕು. ವಿನೈಲ್ ತೊಳೆಯಲು ಬಳಸುವ ಆಲ್ಕೋಹಾಲ್ ಇರುವ ದ್ರಾವಣವನ್ನು ಅದಕ್ಕೆ ತಾಗಿಸಲೇಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಲೇಬಲ್ ಒದ್ದೆಯಾಗದಂತೆ ಒರೆಸಿ, ನೆರಳಲ್ಲಿ ಆರಿಸಿ, ನೇರವಾಗಿ ನಿಲ್ಲಿಸಿಡಿ.