ಏಳು ಜನರ ಫ್ಯಾಮಿಲಿಗೆ ಸೆಕೆಂಡ್ ಹ್ಯಾಂಡ್ ಆಫ್‌ರೋಡ್ ಕ್ಯಾಂಪರ್ ಟ್ರೈಲರ್: ಹಾಸಿಗೆ ಎಣಿಸೋಕೆ ಮುಂಚೆ ತೂಕ ನೋಡಿ

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿ ಇರೋದು, ನಾನು, ನಮ್ಮನೆಯವ್ರು, ನಾಲ್ಕು ಮಕ್ಕಳು, ಜೊತೆಗೆ ನಮ್ಮತ್ತೆ, ಒಟ್ಟು ಏಳು ಜನ. ಏಳು ಸೀಟಿನ ಫೋರ್ ವೀಲ್ ಡ್ರೈವ್ ಇದೆ. ಸೆಕೆಂಡ್ ಹ್ಯಾಂಡ್ ಆಫ್‌ರೋಡ್ ಕ್ಯಾಂಪರ್ ಟ್ರೈಲರ್ (ಕಾರಿನ ಹಿಂದೆ ಎಳ್ಕೊಂಡು ಹೋಗಿ, ಬಿಚ್ಚಿದ್ರೆ ಟೆಂಟ್ ಆಗೋದು) ತಗೋಬೇಕು ಅಂತ ಹುಡುಕ್ತಾ ಇದೀವಿ. ಫಾರ್ವರ್ಡ್ ಫೋಲ್ಡ್ (ಗಟ್ಟಿ ಮುಚ್ಚಳ ಮುಂದಕ್ಕೆ ಬಿಚ್ಚಿಕೊಳ್ಳೋದು) ಚೆನ್ನಾಗಿದೆ ಅಂತ ಒಬ್ರು, ಸಾಫ್ಟ್ ಫ್ಲೋರ್ (ಟೆಂಟ್ ನೆಲದ ಮೇಲೆ ಹರಡಿಕೊಳ್ಳೋದು) ಸಾಕು ಅಂತ ಇನ್ನೊಬ್ರು. ಯಾವ್ದು ತಗೊಳ್ಳೋದು, ಏನೇನು ನೋಡ್ಬೇಕು?

ಈ ಪ್ರಶ್ನೆನ ದೊಡ್ಡ ಫ್ಯಾಮಿಲಿ ಇರೋರು ಬಹಳ ಜನ ಕೇಳ್ತಾರೆ, ಮತ್ತೆ ಹೆಚ್ಚುಕಮ್ಮಿ ಎಲ್ರೂ ಶುರು ಮಾಡೋದು "ಎಷ್ಟು ಜನ ಮಲಗಬಹುದು" ಅನ್ನೋದ್ರಿಂದ. ನಾನು ಹೇಳೋದು, ಅದನ್ನ ಎರಡನೇದಾಗಿ ನೋಡಿ. ಮೊದಲು ನಿಮ್ಮ ಕಾರಿನ ಹ್ಯಾಂಡ್‌ಬುಕ್ ತಗೊಂಡು ತೂಕದ ಲೆಕ್ಕ ಹಾಕಿ, ಯಾಕಂದ್ರೆ ನಾಲ್ಕು ಜನರ ಫ್ಯಾಮಿಲಿಗೆ ಸಮಸ್ಯೆನೇ ಅಲ್ಲದ ವಿಷಯ ಏಳು ಜನ ಕೂತ ತಕ್ಷಣ ಸಮಸ್ಯೆ ಆಗುತ್ತೆ.

ಸೇಲ್ಸ್‌ನವ್ರು ಹೇಳೋದು "ನಿಮ್ ಕಾರು 3000 ಕೆಜಿ ಎಳಿಯುತ್ತೆ, 3500 ಕೆಜಿ ಎಳಿಯುತ್ತೆ" ಅಂತ. ಅದು ನಿಜನೇ, ಆದ್ರೆ ಎಳಿಯೋ ಶಕ್ತಿ ಬೇರೆ, ಹೊರೋ ಶಕ್ತಿ ಬೇರೆ. ಕಾರಿಗೆ ಜಿವಿಎಂ ಅಂತ ಒಂದು ಮಿತಿ ಇರುತ್ತೆ, ಕಾರು, ಜನ, ಸಾಮಾನು, ಡೀಸೆಲ್ ಎಲ್ಲಾ ಸೇರಿ ಅದನ್ನ ದಾಟಂಗಿಲ್ಲ. ಟ್ರೈಲರ್ ಸಿಗಿಸಿದಾಗ ಅದರ ಮೂತಿ ಟೋಬಾರ್ (ಕಾರಿನ ಹಿಂದೆ ಟ್ರೈಲರ್ ಸಿಗಿಸೋ ಕಂಬಿ) ಮೇಲೆ ಒತ್ತುತ್ತಲ್ಲ, ಆ ಬಾಲ್ ವೇಟ್ ಕೂಡ ಇದೇ ಲೆಕ್ಕಕ್ಕೇ ಬರುತ್ತೆ. ಬಹಳ ಜನ ಬಿಟ್ಟುಬಿಡೋದು ಇದನ್ನೇ. ಸಾಮಾನ್ಯವಾಗಿ ಲೋಡ್ ಆಗಿರೋ ಟ್ರೈಲರ್ ತೂಕದ ಸುಮಾರು 10 ಪರ್ಸೆಂಟ್ ಅಂತ ಇಟ್ಕೊಳ್ಳಿ.

ಒಂದು ಉದಾಹರಣೆ ಲೆಕ್ಕ ನೋಡೋಣ. ಕಾರು 650 ಕೆಜಿ ಹೊರಬಹುದು ಅಂದ್ಕೊಳ್ಳಿ. ನೀವಿಬ್ರು 140 ಕೆಜಿ, ಅತ್ತೆ 60, ನಾಲ್ಕು ಮಕ್ಕಳು ತಲಾ 30 ಅಂದ್ರೂ 120, ಆಗ್ಲೇ 320 ಆಯ್ತು. ಬುಲ್‌ಬಾರ್, ಟೋಬಾರ್, ರೂಫ್‌ರ‍್ಯಾಕ್ ಹಾಕ್ಸಿದ್ರೆ ಇನ್ನೊಂದು 100. ಸಣ್ಣ ಫ್ರಿಜ್, ಟೂಲ್ಸ್, ಮಕ್ಕಳ ಬ್ಯಾಗು 80. 500 ಆಯ್ತಾ? 1500 ಕೆಜಿ ಟ್ರೈಲರ್ ಸಿಗಿಸಿದ್ರೆ ಬಾಲ್ ವೇಟ್ 150. ಮುಗೀತು, 650, ಒಂದು ಕೆಜಿನೂ ಉಳಿಲಿಲ್ಲ. ಇದೇ ಕಾರಿಗೆ 2200 ಕೆಜಿ ಫಾರ್ವರ್ಡ್ ಫೋಲ್ಡ್ ಸಿಗಿಸಿದ್ರೆ ಬಾಲ್ ವೇಟೇ 220 ಬರುತ್ತೆ, ಕಾರು ಆರಾಮಾಗಿ ಎಳ್ಕೊಂಡು ಹೋದ್ರೂ ಮಿತಿ ದಾಟಿರ್ತೀರ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವ್ರ ಜೊತೆ ವಾದ ಮಾಡೋ ಪರಿಸ್ಥಿತಿ ಬರಬಹುದು. ನಿಮ್ಮ ಕಾರಿನ ಅಂಕಿ ಬೇರೆ ಇರುತ್ತೆ, ಅದನ್ನೇ ಹಾಕಿ ಲೆಕ್ಕ ಮಾಡಿ, ದಯವಿಟ್ಟು ಅಂದಾಜಲ್ಲಿ ಹೋಗ್ಬೇಡಿ, ಒಳಗೆ ಕೂರೋದು ನಿಮ್ ಮಕ್ಕಳು.

ಆಮೇಲೆ ಟ್ರೈಲರ್ ಪ್ಲೇಟ್, ಅಂದ್ರೆ ತೂಕದ ವಿವರ ಇರೋ ಪಟ್ಟಿ. ಅದ್ರಲ್ಲಿ ಟೇರ್ ಅಂದ್ರೆ ಖಾಲಿ ತೂಕ, ಎಟಿಎಂ ಅಂದ್ರೆ ಸಾಮಾನು ತುಂಬಿದ ಮೇಲೆ ಜಾಸ್ತಿ ಅಂದ್ರೆ ಎಷ್ಟಿರಬಹುದು ಅನ್ನೋದು. ಎರಡರ ನಡುವಿನ ವ್ಯತ್ಯಾಸನೇ ನೀವು ತುಂಬಬಹುದಾದ ಸಾಮಾನಿನ ತೂಕ. ಟೇರ್ 1150, ಎಟಿಎಂ 1500 ಇದ್ರೆ 350 ಕೆಜಿ. ಅದ್ರಲ್ಲಿ 100 ಲೀಟರ್ ನೀರು ತುಂಬಿದ್ರೆ 100 ಕೆಜಿ ಹೋಯ್ತು, ಒಂದು 9 ಕೆಜಿ ಗ್ಯಾಸ್ ಬಾಟಲ್ ತುಂಬಿದ್ದು ಸಿಲಿಂಡರ್ ಸಮೇತ ಹತ್ತತ್ರ 18 ಕೆಜಿ. ಏಳು ಜನ ಕೂತ ಕಾರಲ್ಲಿ ಮೂರನೇ ಸಾಲಿನ ಹಿಂದೆ ಬೂಟ್ ಅನ್ನೋದೇ ಇರಲ್ಲ, ಹಾಗಾಗಿ ಹಾಸಿಗೆ, ಬಟ್ಟೆ, ಕುರ್ಚಿ, ಅಡುಗೆ ಸಾಮಾನು ಪೂರ್ತಿ ಟ್ರೈಲರ್‌ಗೇ ಬರುತ್ತೆ. ಅದೂ ಅಲ್ದೆ ಸೆಕೆಂಡ್ ಹ್ಯಾಂಡಲ್ಲಿ ಪ್ಲೇಟ್ ಮೇಲಿನ ಟೇರ್ ನಂಬೋಕಾಗಲ್ಲ, ಅದು ಫ್ಯಾಕ್ಟರಿಯಿಂದ ಬಂದಾಗಿನ ತೂಕ, ಆಮೇಲೆ ಓನರ್ ಎರಡನೇ ಬ್ಯಾಟರಿ, ಟೂಲ್‌ಬಾಕ್ಸ್, ಬೋಟ್ ರ‍್ಯಾಕು, ಎರಡನೇ ಸ್ಪೇರ್ ವೀಲು ಅಂತ ಸೇರಿಸಿರ್ತಾರೆ. ಹತ್ರದ ಪಬ್ಲಿಕ್ ವೇಬ್ರಿಡ್ಜ್‌ಗೆ ತಗೊಂಡ್ ಹೋಗಿ ತೂಗಿಸಿ ಅಂತ ಕೇಳಿ, ಖರ್ಚು ನಾನೇ ಕೊಡ್ತೀನಿ ಅನ್ನಿ. ಒಪ್ಪದೇ ಇದ್ರೆ ನಾನಾಗಿದ್ರೆ ಆ ಟ್ರೈಲರ್ ಬಿಟ್ಟುಬಿಡ್ತೀನಿ.

ಬ್ರೇಕ್ ಬಗ್ಗೆ ಆಸ್ಟ್ರೇಲಿಯಾದ ರೂಲ್ ತೂಕದ ಮೇಲೇ ನಿಂತಿದೆ. ಪ್ಲೇಟಲ್ಲಿ ಜಿಟಿಎಂ ಅಂತ ಇರುತ್ತೆ, ಟ್ರೈಲರ್ ಚಕ್ರಗಳ ಮೇಲೆ ಬೀಳೋ ತೂಕ. ಅದು 750 ಕೆಜಿ ದಾಟಿದ್ರೆ ಬ್ರೇಕ್ ಇರ್ಲೇಬೇಕು, 2000 ದಾಟಿದ್ರೆ ಎಲ್ಲಾ ಚಕ್ರಕ್ಕೂ ಬ್ರೇಕು, ಜೊತೆಗೆ ಟ್ರೈಲರ್ ಕಳಚಿಕೊಂಡ್ರೆ ತಾನಾಗೇ ಬ್ರೇಕ್ ಹಿಡಿಯೋ ಬ್ರೇಕ್‌ಅವೇ ಸಿಸ್ಟಮ್ಮೂ ಬೇಕು. ಎಲೆಕ್ಟ್ರಿಕ್ ಬ್ರೇಕ್ ಇರೋ ಟ್ರೈಲರ್ ಆದ್ರೆ ನಿಮ್ ಕಾರಲ್ಲಿ ಬ್ರೇಕ್ ಕಂಟ್ರೋಲರ್ ಹಾಕ್ಸಬೇಕಾಗುತ್ತೆ, ಆ ಖರ್ಚನ್ನೂ ಬಜೆಟ್ಟಲ್ಲಿ ಸೇರಿಸ್ಕೊಳ್ಳಿ.

ಈಗ ನಿಮ್ಮ ಅಸಲಿ ಪ್ರಶ್ನೆ, ಫಾರ್ವರ್ಡ್ ಫೋಲ್ಡಾ ಸಾಫ್ಟ್ ಫ್ಲೋರಾ. ನನ್ನ ಅಭಿಪ್ರಾಯ ನೇರವಾಗೇ ಹೇಳ್ತೀನಿ, ಏಳು ಜನಕ್ಕೆ ದೊಡ್ಡ ಟೆಂಟಿನ ಸಾಫ್ಟ್ ಫ್ಲೋರ್. ಫಾರ್ವರ್ಡ್ ಫೋಲ್ಡ್ ನೋಡೋಕೆ ಚೆನ್ನಾಗಿರುತ್ತೆ, ಬೇಗ ಬಿಚ್ಚಬಹುದು, ಒಳಗೆ ಸೋಫಾ ಥರ ಕೂರೋ ಜಾಗ ಇರುತ್ತೆ, ರಾತ್ರಿ ಅದೇ ಹಾಸಿಗೆ ಆಗುತ್ತೆ. ಆದ್ರೆ ತೂಕ ಜಾಸ್ತಿ, ಮತ್ತೆ ಮಲಗೋ ಜಾಗ ಅಂದ್ರೆ ಒಂದು ಕ್ವೀನ್ ಬೆಡ್, ಆ ಸೋಫಾ ಬೆಡ್, ಅಷ್ಟೇ. ಉಳಿದ ಮಕ್ಕಳಿಗೆ ಹೇಗಿದ್ರೂ ಪಕ್ಕಕ್ಕೆ ಆನೆಕ್ಸ್ (ಸೇರಿಸಿ ಕಟ್ಟೋ ಟೆಂಟ್ ರೂಮು) ಕಟ್ಟಬೇಕು, ಅದನ್ನ ಕಟ್ಟೋಕೆ ಹೋದ್ರೆ ಬೇಗ ಆಗೋ ಅನುಕೂಲನೂ ಹೋಯ್ತು. ಸಾಫ್ಟ್ ಫ್ಲೋರಲ್ಲಿ ಟ್ರೈಲರ್ ಮೇಲೆ ಕ್ವೀನ್ ಬೆಡ್, ಕೆಳಗೆ ನೆಲದ ಮೇಲೆ ದೊಡ್ಡ ಟೆಂಟ್ ರೂಮು, ನಾಲ್ಕು ಮಕ್ಕಳೂ ಸಾಲಾಗಿ ಮಲಗಬಹುದು. ನಿಮ್ಮತ್ತೆಯವರ ವಿಷಯನೂ ಇದೆ, ರಾತ್ರಿ ಏಣಿ ಹತ್ತಿ ಇಳಿಯೋದು ದೊಡ್ಡವರಿಗೆ ಕಷ್ಟ, ನೆಲದ ಮಟ್ಟದಲ್ಲಿ ಬಾಗಿಲ ಹತ್ರ ಒಂದು ಗಟ್ಟಿ ಸ್ಟ್ರೆಚರ್ (ಮಡಚೋ ಮಂಚ) ಹಾಕಿಕೊಟ್ರೆ ಅವ್ರು ಟಾಯ್ಲೆಟ್ಟಿಗೆ ಎದ್ದು ಹೋಗೋಕೂ ಸುಲಭ, ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಇದಕ್ಕೆ ಒಂದು ಕೊರತೆ ಇದೆ, ಮುಚ್ಚಿಡೋದಿಲ್ಲ. ಪೆಗ್ ಹೊಡೆಯೋದು, ಪೋಲ್ ನಿಲ್ಲಿಸೋದು ಅಂತ ಟೈಮ್ ಹಿಡಿಯುತ್ತೆ, ದಿನಾ ಜಾಗ ಬದಲಾಯಿಸೋ ಟ್ರಿಪ್‌ಗೆ ಸುಸ್ತಾಗುತ್ತೆ, ಮಳೆ ಬಂದ್ರೆ ನೆಲ ಕೆಸರಾಗುತ್ತೆ. ನೀವು ಒಂದೇ ಕಡೆ ಮೂರ್ನಾಲ್ಕು ದಿನ ಇರೋ ಜನ ಆದ್ರೆ ಇದು ದೊಡ್ಡ ವಿಷಯ ಅಲ್ಲ. ಯಾವ್ದು ಸರಿಹೋಗುತ್ತೆ ಅಂತ ಡೌಟ್ ಇದ್ರೆ ಕೊಳ್ಳೋಕೆ ಮುಂಚೆ ಒಂದು ವೀಕೆಂಡ್ ಬಾಡಿಗೆಗೆ ತಗೊಂಡು ನೋಡಿ.

ನೋಡೋಕೆ ಹೋದಾಗ ಟೆಂಟ್ ಪೂರ್ತಿ ಬಿಚ್ಚಿಸಿ, ಆನೆಕ್ಸ್ ಗೋಡೆಗಳ ಸಮೇತ. "ಒದ್ದೆ ಆಗಿದೆ, ಫೋಟೋದಲ್ಲಿ ನೋಡಿ" ಅಂದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಕ್ಯಾನ್ವಾಸ್ ಒದ್ದೆಲೇ ಮಡಚಿಟ್ರೆ ಬೂಷ್ಟು ಹಿಡಿಯುತ್ತೆ, ಕಪ್ಪು ಚುಕ್ಕೆ ಒಂದ್ಸಲ ಬಂದ್ರೆ ಪೂರ್ತಿ ಹೋಗೋದು ಕಷ್ಟ, ಮಕ್ಕಳಿಗೆ ಆಸ್ತಮಾ ಇದ್ರಂತೂ ಬೇಡವೇ ಬೇಡ. ಒಳಗೆ ಹೋಗಿ ಜಿಪ್ಪೆಲ್ಲಾ ಮುಚ್ಚಿ ಎರಡು ನಿಮಿಷ ನಿಂತ್ಕೊಳ್ಳಿ, ಸೂಜಿ ತೂತಿನಂಥ ಬೆಳಕು ಎಲ್ಲಿ ಬರುತ್ತೆ ನೋಡಿ, ಮೂಸಿ ನೋಡಿ. ಹಾಸಿಗೆ ಎತ್ತಿ ತಳ ನೋಡಿ, ಉಸಿರಿನ ತೇವ ಇಳಿದು ಬೂಷ್ಟು ಕೂರೋದು ಅಲ್ಲೇ. ಪ್ರತಿ ಜಿಪ್ಪನ್ನೂ ಎಳೆದು ನೋಡಿ, ಮಡಚೋವಾಗ ಉಜ್ಜೋ ಮೂಲೆಗಳನ್ನೂ ನೋಡಿ. ಆಮೇಲೆ ವಾಪಸ್ ಮಡಚೋವಾಗ ನೀವಿಬ್ರೇ ಮಡಚಿ, ಓನರ್ ಬರೀ ಹೇಳಿಕೊಡಲಿ. ಅವರಿಗೆ ಅಭ್ಯಾಸ ಆಗಿರುತ್ತೆ, ಸಲೀಸಾಗಿ ಮಾಡಿಬಿಡ್ತಾರೆ, ನಿಮ್ಮಿಂದ ಆಗುತ್ತಾ ಅನ್ನೋದು ಅಲ್ಲೇ ಗೊತ್ತಾಗ್ಬೇಕು.

ಕೆಳಗಡೆ ಭಾಗ ಇನ್ನೂ ಮುಖ್ಯ. "ಆಫ್‌ರೋಡ್" ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಏನೂ ಅರ್ಥ ಇಲ್ಲ. ಟಾರ್ಚ್ ತಗೊಂಡು ಮಲಗಿ ನೋಡಿ. ಡ್ರಾಬಾರ್ (ಮುಂದಿನ ಎಳೆಯೋ ಕಂಬಿ) ಚಾಸಿಗೆ ಸೇರೋ ಜಾಗ, ಸ್ಪ್ರಿಂಗ್ ಸಿಗಿಸಿರೋ ಹ್ಯಾಂಗರ್, ಶಾಕ್ ಅಬ್ಸಾರ್ಬರ್ ಮೌಂಟ್, ಕ್ರ್ಯಾಕ್ ಬರೋದು ಇಲ್ಲಿ. ವೆಸ್ಟರ್ನ್ ಆಸ್ಟ್ರೇಲಿಯಾದ ಕಿಂಬರ್ಲಿಯ ಗಿಬ್ ರಿವರ್ ರೋಡ್ ಥರದ ರಸ್ತೆಗಳಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೂ ತಗಡಿನ ಶೀಟ್ ಥರ ಏರಿಳಿತ ಇರುತ್ತೆ, ಕಾರಗೇಷನ್ ಅಂತಾರೆ, ಅದರ ನಡುಕ ಕಬ್ಬಿಣವನ್ನ ಸೀಳುತ್ತೆ. ಪೂರ್ತಿ ಹಳೇ ಚಾಸಿಯಲ್ಲಿ ಒಂದು ಕಡೆ ಮಾತ್ರ ಹೊಸ ಪೇಂಟ್ ಇದ್ರೆ ಯಾಕೆ ಅಂತ ಕೇಳಿ. ಅಲ್ಲೆಲ್ಲಾ ಓಡಾಡಿರೋ ಟ್ರೈಲರ್ ಕೆಟ್ಟದ್ದು ಅಂತೇನಲ್ಲ, ಬೇರಿಂಗ್, ಬುಷ್ ಬದಲಾಯಿಸಿರೋ ರಸೀದಿ ತೋರಿಸಿದ್ರೆ ಮನೆ ಗ್ಯಾರೇಜಲ್ಲೇ ವರ್ಷಾನುಗಟ್ಟಲೆ ನಿಂತಿದ್ದಕ್ಕಿಂತ ಅದೇ ವಾಸಿ. ಬೀಚ್ ಮೇಲೆ ಓಡಿಸಿದ್ರಾ ಅಂತನೂ ಕೇಳಿ, ಉಪ್ಪು ನೀರಿನ ತುಕ್ಕು ಸ್ಪ್ರಿಂಗ್ ಎಲೆಗಳ ಮಧ್ಯೆ ಕೂತಿರುತ್ತೆ.

ಚಕ್ರ ಜ್ಯಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಲೊಡಲೊಡ ಅಂದ್ರೆ ಬೇರಿಂಗ್ ಕೆಲಸ ಇದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2316 ಅಂದ್ರೆ 2016ರ 23ನೇ ವಾರದಲ್ಲಿ ತಯಾರಾಗಿದ್ದು, ಟೈರಿನ ಹಲ್ಲು ಎಷ್ಟೇ ಆಳ ಇದ್ರೂ ಅಷ್ಟು ಹಳೇದಾದ್ರೆ ಹೊಸ ಟೈರಿನ ದುಡ್ಡು ಕಡಿಮೆ ಮಾಡಿ ಮಾತಾಡಿ. ಚಕ್ರದ ಸ್ಟಡ್ ಪ್ಯಾಟರ್ನ್ (ಬೋಲ್ಟ್‌ಗಳ ಜೋಡಣೆ), ಟೈರ್ ಸೈಜು ನಿಮ್ ಕಾರಿನದ್ದೇ ಆಗಿದ್ರೆ ತುಂಬಾ ಒಳ್ಳೇದು, ಒಂದೇ ಸ್ಪೇರ್ ಎರಡಕ್ಕೂ ಆಗುತ್ತೆ, ಒಂದು ಚಕ್ರದ ತೂಕ ಉಳಿಯುತ್ತೆ. ಹಿಚ್ (ಕಾರಿಗೂ ಟ್ರೈಲರಿಗೂ ಸಿಗಿಸೋ ಕೊಂಡಿ) ಕೂಡ ನೋಡ್ಕೊಳ್ಳಿ, ಮಾಮೂಲಿ 50 ಎಂಎಂ ಬಾಲಾ, ಇಲ್ಲಾ ಎಲ್ಲಾ ದಿಕ್ಕಿಗೂ ತಿರುಗೋ ಡಿಒ35 ಥರದ್ದಾ ಅಂತ. ಏರುಪೇರು ಜಾಸ್ತಿ ಇರೋ ದಾರಿಗೆ ಎರಡನೇದು ಬೇಕು, ಬರೀ ಜಲ್ಲಿ ರಸ್ತೆಗೆ ಬಾಲ್ ಸಾಕು.

ಗ್ಯಾಸ್, ಕರೆಂಟ್ ಬೇಗ ಹೇಳಿಬಿಡ್ತೀನಿ. ಗ್ಯಾಸ್ ಪೈಪ್ ಫಿಟ್ ಮಾಡಿದ್ರೆ ಕಂಪ್ಲಯನ್ಸ್ ಸರ್ಟಿಫಿಕೇಟ್ ಕೇಳಿ, ಸಿಲಿಂಡರ್ ಮೇಲಿನ ಟೆಸ್ಟ್ ಡೇಟ್ 10 ವರ್ಷ ದಾಟಿದ್ರೆ ತುಂಬಿಸಿಕೊಡಲ್ಲ. ಎಷ್ಟೇ ಚಳಿ ಇದ್ರೂ ಸ್ಟವ್ ಹಚ್ಚಿ ಟೆಂಟ್ ಒಳಗೆ ಇಟ್ಕೊಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ, ಜೀವ ಹೋಗುತ್ತೆ. ಬ್ಯಾಟರಿ ಎಜಿಎಂ (ಒಂದು ಬಗೆಯ ಲೆಡ್ ಆಸಿಡ್ ಬ್ಯಾಟರಿ) ಆದ್ರೆ ಬರೆದಿರೋದರ ಅರ್ಧದಷ್ಟು ಮಾತ್ರ ಉಪಯೋಗಿಸಬಹುದು ಅಂತ ಲೆಕ್ಕ ಇಟ್ಕೊಳ್ಳಿ.

ದುಡ್ಡು ಕೊಡೋಕೆ ಮುಂಚೆ ಪಿಪಿಎಸ್‌ಆರ್ (ವಸ್ತುಗಳ ಮೇಲಿನ ಸಾಲದ ದಾಖಲೆ) ಸರ್ಕಾರಿ ವೆಬ್‌ಸೈಟಲ್ಲಿ ವಿಐಎನ್ (ವಾಹನದ ಗುರುತಿನ) ನಂಬರ್ ಹಾಕಿ ಚೆಕ್ ಮಾಡಿ, 2 ಡಾಲರ್ ಅಷ್ಟೇ. ಟ್ರೈಲರ್ ಮೇಲೆ ಯಾರದಾದ್ರೂ ಸಾಲ ಬಾಕಿ ಇದ್ಯಾ ಗೊತ್ತಾಗುತ್ತೆ, ಇದ್ರೆ ನೀವು ಕೊಂಡ ಮೇಲೂ ಸಾಲ ಕೊಟ್ಟೋರು ಅದನ್ನ ಎತ್ಕೊಂಡು ಹೋಗಬಹುದು. ಪ್ಲೇಟ್ ಮೇಲಿನ ನಂಬರ್, ಚಾಸಿ ಮೇಲೆ ಕೊರೆದಿರೋ ನಂಬರ್, ರೆಜೋ (ರಿಜಿಸ್ಟ್ರೇಷನ್) ಪೇಪರಿನ ನಂಬರ್ ಮೂರೂ ಒಂದೇ ಇರಬೇಕು. ಕ್ವೀನ್ಸ್‌ಲ್ಯಾಂಡ್‌ನಿಂದಲೋ ನ್ಯೂ ಸೌತ್ ವೇಲ್ಸ್‌ನಿಂದಲೋ ತರ್ತೀರಾದ್ರೆ ವಿಕ್ಟೋರಿಯಾದಲ್ಲಿ ಮತ್ತೆ ರಿಜಿಸ್ಟರ್ ಮಾಡ್ಸೋಕೆ ಏನೇನು ಬೇಕು ಅಂತ ವಿಕ್‌ರೋಡ್ಸಲ್ಲಿ (ಅಲ್ಲಿನ ವಾಹನ ರಿಜಿಸ್ಟ್ರೇಷನ್ ಕಚೇರಿ) ಮೊದಲೇ ಕೇಳಿಟ್ಕೊಳ್ಳಿ. ಪ್ರೈವೇಟಾಗಿ ಕೊಂಡ್ರೆ ಡೀಲರ್ ಹತ್ರ ಸಿಗೋ ಗ್ರಾಹಕ ಕಾನೂನಿನ ರಕ್ಷಣೆ ಗುಣಮಟ್ಟದ ವಿಷಯದಲ್ಲಿ ಇರಲ್ಲ, ಅದಕ್ಕೇ ಇಷ್ಟೆಲ್ಲಾ ತಪಾಸಣೆ ನೀವೇ ಮಾಡ್ಬೇಕಾಗಿರೋದು.

ತಂದ ಮೇಲೆ ನೇರ ಔಟ್‌ಬ್ಯಾಕ್ ಕಡೆ ಹೊರಡಬೇಡಿ. ಬೇರಿಂಗ್ ಬಿಚ್ಚಿಸಿ ಗ್ರೀಸ್ ಹಾಕ್ಸಿ, ಟೆಂಟ್ ಹಿತ್ತಲಲ್ಲಿ ನಿಲ್ಲಿಸಿ ಹೋಸ್ ಪೈಪಲ್ಲಿ ನೀರು ಹೊಡೆದು ಸೋರುತ್ತಾ ನೋಡಿ, ಚೆನ್ನಾಗಿ ಒಣಗಿಸಿ ಮಡಚಿ. ಮೊದಲ ಟ್ರಿಪ್ ಒಂದೆರಡು ಗಂಟೆ ದೂರದ ಜಾಗಕ್ಕೆ ಹೋಗಿ, ದಾರಿಲಿ ಅರ್ಧ ಗಂಟೆಗೊಂದ್ಸಲ ನಿಲ್ಲಿಸಿ ಹಬ್ ಹತ್ರ ಕೈ ಹಿಡಿದು ನೋಡಿ, ಒಂದು ಕಡೆ ಇನ್ನೊಂದಕ್ಕಿಂತ ಜಾಸ್ತಿ ಕಾಯ್ದಿದ್ರೆ ಅಲ್ಲಿಂದ ಮುಂದೆ ಹೋಗ್ದೆ ಮೆಕ್ಯಾನಿಕ್‌ಗೆ ತೋರಿಸಿ.